ಜಿರೊ ತನಿಗುಚಿಯ ನಿಧಾನ

ಮಂಗಾ ಎಂದರೆ ಉಸಿರು ಬಿಡಲೂ ಬಿಡದೆ ಪುಟದಿಂದ ಪುಟಕ್ಕೆ ಓಡಿಸುವ ಚಿತ್ರಕಥೆ ಎಂದುಕೊಂಡವರ ಕೈಗೆ ನಾನು ಮೊದಲು ಇಡುವುದು ಜಿರೊ ತನಿಗುಚಿಯ ‘ಅರುಕು ಹಿತೊ’. ನಡೆಯುವ ಮನುಷ್ಯ. 1990ರ ದಶಕದ ಆರಂಭದಲ್ಲಿ ಬಂದ ಈ ಪುಸ್ತಕದಲ್ಲಿ ಕನ್ನಡಕ ತೊಟ್ಟ ಗೃಹಸ್ಥನೊಬ್ಬ ತಾನು ಹೊಸದಾಗಿ ನೆಲೆಸಿದ ಊರಿನ ಬೀದಿಗಳಲ್ಲಿ ಸುಮ್ಮನೆ ಅಡ್ಡಾಡುತ್ತಾನೆ. ಕಥೆ ಅಷ್ಟೇ. ಆ ಅಷ್ಟರಲ್ಲಿ ಏನೆಲ್ಲ ಇದೆ!

ಮಕ್ಕಳ ಆಟದ ವಿಮಾನ ಮರದಲ್ಲಿ ಸಿಕ್ಕಿಕೊಂಡಿದೆ. ಇವನು ಮರ ಹತ್ತುತ್ತಾನೆ. ಹತ್ತಿದವನಿಗೆ ಇಳಿಯುವ ಅವಸರವಿಲ್ಲ, ತನಿಗುಚಿಗೂ ಇಲ್ಲ. ಚೌಕಟ್ಟಿನ ತುಂಬ ಎಲೆ, ಎಲೆಯ ಹಿಂದೆ ಇನ್ನೊಂದು ಎಲೆ, ಅದರ ಸಂದಿಯಲ್ಲಿ ತೂರಿಬಂದ ತಿಳಿಬಿಸಿಲು. ಮನುಷ್ಯನ ಮುಖಕ್ಕೆ ಒಂದೆರಡು ಸರಳ ಗೆರೆ ಸಾಕೆಂದವರು ಎಲೆಗೆ ಮಾತ್ರ ನರನರವಾಗಿ ಮನಸ್ಸು ಕೊಟ್ಟಿದ್ದಾರೆ. ಹಾಗಾಗಿ ನಮ್ಮ ಕಣ್ಣು ಆ ಮುಖದ ಮೇಲೆ ನಿಲ್ಲದೆ, ಆ ಮುಖ ನೋಡುತ್ತಿರುವುದರ ಮೇಲೆ ಹೋಗಿ ಕೂರುತ್ತದೆ. ಮಾತಿನ ಬಲೂನುಗಳೂ ತೀರ ಕಡಿಮೆ. ಎಷ್ಟೋ ಪುಟಗಳಲ್ಲಿ ಒಂದೂ ಇಲ್ಲ.

ಇನ್ನು ಆ ಬೂದುಬಣ್ಣದ ಸೊಗಸು. ಮಂಗಾದ ನೆರಳುಗಳು ಹುಟ್ಟುತ್ತಿದ್ದದ್ದು ಸ್ಕ್ರೀನ್‌ಟೋನ್ ಎಂಬ, ಚುಕ್ಕಿಗಳನ್ನು ಅಚ್ಚುಹಾಕಿದ ತೆಳ್ಳನೆಯ ಅಂಟುಹಾಳೆಯಿಂದ. ಅದನ್ನು ಚಿತ್ರದ ಮೇಲೆ ಹಾಸಿ, ಬ್ಲೇಡಿನಿಂದ ಆಕಾರಕ್ಕೆ ತಕ್ಕಂತೆ ಕತ್ತರಿಸುತ್ತಿದ್ದರು. ಬೆಳಕು ಬೇಕಾದಲ್ಲಿ ಚುಕ್ಕಿಗಳನ್ನು ಮೆಲ್ಲಗೆ ಕೆರೆಯುತ್ತಿದ್ದರು. ಜಡವಾದ ಈ ಕಾರ್ಖಾನೆ ಚುಕ್ಕಿಗಳಿಂದ ತನಿಗುಚಿ ತೆಗೆದ ಹವಾಮಾನ ನೋಡಬೇಕು: ಮಂಜಿನ ಮುಂಜಾವು, ಮಳೆಗೆ ಮೊದಲಿನ ಮೋಡ, ಒದ್ದೆ ರಸ್ತೆಯ ಮಂದ ಹೊಳಪು. ರಾತ್ರಿ ಬೇಲಿ ದಾಟಿ ಈಜುಕೊಳಕ್ಕಿಳಿಯುವ ಅಧ್ಯಾಯದಲ್ಲಿ ನೀರು ಕಪ್ಪಗಿದೆ, ತಂಪಗಿದೆ, ಮೈಗೆ ತಾಗುವಷ್ಟು ಹತ್ತಿರದಲ್ಲಿದೆ. ಆ ಪುಟ ತಿರುಗಿಸಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ಇದೇ ಕುಂಚ ‘ದೇವತೆಗಳ ಶಿಖರ’ದಲ್ಲಿ ಎವರೆಸ್ಟಿನ ಬಂಡೆ, ಹಿಮಗಳನ್ನು ಬಿರುಕು ಬಿರುಕಾಗಿ ಕಡೆದಿದೆ. ಪರ್ವತಾರೋಹಣ ಪ್ರಿಯರು ಅದಕ್ಕೇ ಮನಸೋಲುತ್ತಾರೆ. ನಾನು ಮಾತ್ರ 1998ರ ‘ದೂರದ ನೆರೆಹೊರೆ’ಗೆ ಮರಳುವವನು. ತನಿಗುಚಿ ಹುಟ್ಟಿದ್ದು 1947ರಲ್ಲಿ, ಜಪಾನ್ ಸಮುದ್ರದ ದಂಡೆಯ ತೊತ್ತೊರಿಯಲ್ಲಿ. ಕಥೆ ನಡೆಯುವುದು ಅದೇ ಪ್ರಾಂತ್ಯದ ಕುರಯೊಶಿಯಲ್ಲಿ. ನಲವತ್ತೆಂಟರ ಹಿರೊಶಿ ತಪ್ಪು ರೈಲು ಹತ್ತಿ ಹುಟ್ಟೂರು ಸೇರುತ್ತಾನೆ. ತಾಯಿಯ ಸಮಾಧಿಯ ಬಳಿ ಮೈಮರೆತವನು ಎಚ್ಚರಗೊಂಡಾಗ ಹದಿನಾಲ್ಕರ ಹುಡುಗ. ಅಪ್ಪ ಮನೆ ಬಿಟ್ಟು ಹೋದ ವರ್ಷ, 1963. ಬೇರೆಯವರಾಗಿದ್ದರೆ ಈ ಚಮತ್ಕಾರಕ್ಕೆ ಮಿಂಚು, ಸುಳಿಗಾಳಿ ಎಲ್ಲ ತರುತ್ತಿದ್ದರು. ತನಿಗುಚಿ ಹಂಚಿನ ಮಾಡು, ಅಮ್ಮ ಬಡಿಸಿದ ಊಟ, ಶಾಲೆಯ ದಾರಿ ಇವನ್ನೇ ಮತ್ತೆ ಮತ್ತೆ ಬಿಡಿಸುತ್ತಾರೆ. ಕಳೆದುಹೋದ ಮನೆಯೊಳಗೆ ಓಡಾಡುವ ಸುಖವೇ ಅಲ್ಲಿನ ಪವಾಡ.

ಕೊನೆಗೊಮ್ಮೆ ರೈಲು ನಿಲ್ದಾಣದಲ್ಲಿ ಮಗ ಅಪ್ಪನನ್ನು ತಡೆಯುತ್ತಾನೆ. ಕೆನ್ನೆ ಹುಡುಗನದು, ಕಣ್ಣು ನಲವತ್ತೆಂಟರದು. ಒಂದೇ ಮುಖದೊಳಗೆ ಎರಡು ವಯಸ್ಸನ್ನು ಇಷ್ಟು ಕಡಿಮೆ ಗೆರೆಗಳಲ್ಲಿ ಕೂರಿಸಿದ ಇನ್ನೊಬ್ಬ ಚಿತ್ರಕಾರನನ್ನು ನಾನು ಕಂಡಿಲ್ಲ. ಅಪ್ಪ ಆದರೂ ಹೊರಡುತ್ತಾನೆ.