ಏಪ್ರಿಲ್‌ನಲ್ಲಿ ಯಾವ ಬೇಸಾಯ?

ಮಾರ್ಚ್ ಬಂತೆಂದರೆ ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ತೋಟದ ಶಿಬಿರಗಳ ಜಾಹೀರಾತು ಶುರು. ಮಕ್ಕಳು ಹಾಲು ಕರೆಯುತ್ತಾರೆ, ಬೀಜ ಬಿತ್ತುತ್ತಾರೆ, ಸೌದೆ ಒಲೆಯಲ್ಲಿ ಮುದ್ದೆ ತೊಳಸುತ್ತಾರೆ, ಟೆಂಟಿನಲ್ಲಿ ಮಲಗುತ್ತಾರೆ. ಮೊಬೈಲ್ ಬಿಟ್ಟು ಮಣ್ಣು ಮುಟ್ಟಿದರಲ್ಲ, ಅಷ್ಟೇ ಸಾಕು ಎನ್ನುತ್ತಾರೆ ಹೆತ್ತವರು. ಮುಟ್ಟಲಿ, ಸಂತೋಷ. ಬೆಂಕಿ ಹೊತ್ತಿಸುವುದು, ಹಗ್ಗಕ್ಕೆ ಗಂಟು ಹಾಕುವುದು ಎರಡು ದಿನದಲ್ಲಿ ಬರುವ ವಿದ್ಯೆಗಳೇ. ಆದರೆ ಈ ಶಿಬಿರಗಳು ಬೇಸಾಯ ಕಲಿಸುತ್ತವೆ ಎಂಬ ಮಾತನ್ನು ಒಪ್ಪಲು ನಾನು ತಯಾರಿಲ್ಲ.

ಮೊದಲು ಕಾಲವನ್ನೇ ನೋಡಿ. ಶಿಬಿರ ನಡೆಯುವುದು ಏಪ್ರಿಲ್, ಮೇ ರಜೆಯಲ್ಲಿ. ಈ ಸೀಮೆಯ ಮುಖ್ಯ ಬೆಳೆ ಮಳೆ ನಂಬಿದ ರಾಗಿ. ಅದರ ಬಿತ್ತನೆ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಗೋ ಜುಲೈನಲ್ಲೋ; ಕೊಯ್ಲು ನವೆಂಬರಿಗೆ. ಏಪ್ರಿಲ್‌ನಲ್ಲಿ ಹೊಲದಲ್ಲಿರುವ ಕೆಲಸವೆಂದರೆ ತಿಪ್ಪೆ ಗೊಬ್ಬರ ಹೊಡೆಯುವುದು, ಬದು ಸರಿಮಾಡುವುದು, ಅಶ್ವಿನಿ ಭರಣಿ ಮಳೆ ಹನಿದರೆ ಉಳುವುದು. ಇದಕ್ಕೆ ಯಾರೂ ದುಡ್ಡು ಕಟ್ಟಿ ಮಕ್ಕಳನ್ನು ಕಳಿಸುವುದಿಲ್ಲ. ಹಾಗಾಗಿ ಶಿಬಿರದ ತೋಟ ಬೋರ್‌ವೆಲ್ ನೀರಿನಲ್ಲಿ ಕೊತ್ತಂಬರಿ, ಮೆಂತ್ಯ, ಮೂಲಂಗಿ ಬೆಳೆದುಕೊಂಡು ಸಿದ್ಧವಾಗಿರುತ್ತದೆ. ಮಳೆಗೂ ಬೆಳೆಗೂ ನಂಟೇ ಇಲ್ಲವೆಂದು ಮಗು ತಿಳಿದು ಬರುತ್ತದೆ.

ಸರ್ಜಾಪುರದಾಚೆಯ ಒಂದು ತೋಟದಲ್ಲಿ ಕಂಡದ್ದು ಹೇಳುತ್ತೇನೆ. ಹೊತ್ತಿಗೆ ಮುಂಚೆ ಮಡಿ ಅಗೆದು, ನೀರು ಹಾಯಿಸಿ, ಸಾಲು ಎಳೆದಿಟ್ಟಿದ್ದ ಹೆಂಗಸು ಮಕ್ಕಳು ಬಂದೊಡನೆ ಬದುವಿಗೆ ಸರಿದು ನಿಂತರು. ಟಿ-ಶರ್ಟಿನ ಯುವಕನೊಬ್ಬ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದ. ಒಬ್ಬ ಹುಡುಗ ಮೆಂತ್ಯದ ಕಾಳನ್ನು ಬೆರಳು ಮುಳುಗುವಷ್ಟು ಆಳಕ್ಕೆ ತಳ್ಳುತ್ತಿದ್ದ. ‘ಅಷ್ಟು ಒಳಕ್ ಹಾಕಿದ್ರೆ ಮೇಲಕ್ ಬರಲ್ಲ ಕಣಪ್ಪ’ ಅಂದರು ಆಕೆ. ಹುಡುಗನಿಗೆ ಕನ್ನಡ ಬಾರದು. ಯುವಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವತ್ತಿನ ಇಡೀ ಶಿಬಿರದಲ್ಲಿ ಬೇಸಾಯದ ಪಾಠವೆಂದು ಇದ್ದದ್ದು ಆ ಒಂದು ಮಾತು. ಬಸ್ಸು ಹೊರಟ ಮೇಲೆ ಆಕೆ ಮಡಿಯನ್ನು ಕೆದಕಿ ಹೊಸದಾಗಿ ಬಿತ್ತಿದರು. ತನ್ನ ಕಾಳು ಏಳಲಿಲ್ಲವೆಂಬುದು ಆ ಹುಡುಗನಿಗೆ ಎಂದೂ ಗೊತ್ತಾಗುವುದಿಲ್ಲ.

ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯದ ಕನಸಿನಿಂದ ಎಂಬುದು ಅಲ್ಲಿನ ಟೆಕ್ಕಿಗಳಲ್ಲಿ ಎಷ್ಟು ಜನಕ್ಕೆ ಗೊತ್ತೋ! 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯದ ಸಂಘಕ್ಕೆ 3,900 ಎಕರೆ ಕೊಟ್ಟರು. ನೌಕರಿಯ ಆಸೆ ಬಿಟ್ಟು ತಮ್ಮ ಜನ ಸ್ವಂತ ನೆಲದಲ್ಲಿ ಉತ್ತು ಬಾಳಲಿ ಎಂಬುದು ಆ ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹಂಬಲ. ನೆಲವಿತ್ತು, ಹುಮ್ಮಸ್ಸಿತ್ತು, ವರ್ತುಲಾಕಾರದ ಚೆಂದದ ನಕ್ಷೆಯೂ ಇತ್ತು. ಅದರ ಗುರುತು ಇನ್ನರ್ ಸರ್ಕಲ್ಲಿನಲ್ಲಿ ಈಗಲೂ ಇದೆ. ಆದರೂ ಅದು ರೈತರ ಊರಾಗಿ ಬೆಳೆಯಲಿಲ್ಲ. ಪಿಂಚಣಿದಾರರ ಸದ್ದಿಲ್ಲದ ಊರಾಗಿ ಉಳಿದು, 1990ರ ದಶಕದ ಕೊನೆಗೆ ಐಟಿಪಿಎಲ್ ಟೆಕ್ ಪಾರ್ಕಿನ ಪಾಲಾಯಿತು. ನೆಲೆ ನಿಲ್ಲಲೆಂದೇ ಬಂದವರ ಕಥೆ ಇದು. ಶನಿವಾರ ಬಂದು ಭಾನುವಾರ ಹೋಗುವವರದು ಹೇಗಿದ್ದೀತು?

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ವಾಸಿಯಲ್ಲವೇ ಎಂದು ಕೇಳುವವರಿದ್ದಾರೆ. ಕೆರೆ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತು ಬಂದ ಮಗುವಿಗೆ ಈಜು ಬರುತ್ತದೆಂದು ಯಾರೂ ಹೇಳುವುದಿಲ್ಲ; ರೈತನ ಕಸುಬಿಗೆ ಮಾತ್ರ ಈ ಸಲೀಸು. ಶಿಬಿರದಲ್ಲಿ ಯಾರೂ ಎತ್ತದ ಇನ್ನೊಂದು ಮಾತು ನೆಲದ್ದು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದ ಮೇಲೆ ಬೇಸಾಯ ಮಾಡದವರೂ ಹೊಲ ಕೊಳ್ಳಬಹುದಾಯಿತು. ಇತ್ತ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದರು. ಹೊಲವೆಂದರೆ ಏನೆಂದು ಮಕ್ಕಳಿಗೆ ತಿಳಿಯಬೇಕಿದ್ದರೆ ಅವರನ್ನು ಒಂದು ಸಂಜೆ ಆ ಧರಣಿಯ ಟೆಂಟಿಗೂ ಕರೆದೊಯ್ಯಬಹುದಿತ್ತು.

ನಿಜಕ್ಕೂ ಕಲಿಸುವ ಮನಸ್ಸಿದ್ದರೆ ದಾರಿ ಇದೆ. ಆನೇಕಲ್ಲಿನಲ್ಲೋ ಹೊಸಕೋಟೆಯಲ್ಲೋ ರೈತರೊಬ್ಬರ ಅರ್ಧ ಎಕರೆಯನ್ನು ಒಂದು ಬೆಳೆಗೆ ಮಾತಾಡಿಕೊಳ್ಳಿ. ಜುಲೈನಲ್ಲಿ ರಾಗಿ, ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಬದುವಿಗೆ ಸರಿದು ನಿಂತಿದ್ದ ಹೆಂಗಸೇ ಮೇಷ್ಟ್ರು; ಆಕೆಗೆ ಕೂಲಿಯಲ್ಲ, ಮೇಷ್ಟ್ರ ಸಂಬಳ. ಮಳೆ ಕೈಕೊಡಬಹುದು, ಬೆಂಕಿ ರೋಗ ತಗಲಬಹುದು. ಶಿಬಿರದಲ್ಲಿ ಸಿಗದ ಪಾಠಗಳು ಇವೇ. ಕಳೆ ಕೀಳುವ ಭಾನುವಾರವೇ ಅಬ್ಯಾಕಸ್ ತರಗತಿ ಇದೆ ಎನ್ನುವವರು ಇದ್ದೇ ಇರುತ್ತಾರೆ. ಅವರ ಮಕ್ಕಳ ಸಾಲಿನಲ್ಲಿ ಕಳೆ ಬೆಳೆಯಲಿ ಬಿಡಿ; ಪಕ್ಕದ ಸಾಲಿನವರು ನವೆಂಬರಿನಲ್ಲಿ ಎಷ್ಟು ತೆನೆ ಕೊಯ್ದರೆಂದು ಅವರೇ ಎಣಿಸಿಕೊಳ್ಳಲಿ.