ರಸೀನನ ‘ಬೇಸರ’

ರಸೀನನ ‘ಬೆರೆನೀಸ್’ (1670) ನಾಟಕದ ಮೊದಲ ಅಂಕದಲ್ಲಿ ಆಂಟಿಯೋಕಸ್ ಬೆರೆನೀಸ್ ಎದುರು ತನ್ನ ಹಳೆಯ ನೋವನ್ನು ಹೇಳಿಕೊಳ್ಳುತ್ತಾನೆ. ಅವಳು ರೋಮಿಗೆ ಹೋದ ಮೇಲಿನ ತನ್ನ ಸ್ಥಿತಿಗೆ ಅವನು ಬಳಸುವ ಪದ ‘ಆನ್ವಿ’. ಇವತ್ತಿನ ಫ್ರೆಂಚಿನಲ್ಲಿ ಅದಕ್ಕೆ ಹೊತ್ತು ಹೋಗದಿರುವುದು ಎಂದರ್ಥ. ರಜೆಯ ಮಧ್ಯಾಹ್ನ ಮಕ್ಕಳಿಗೆ ಆಗುತ್ತದಲ್ಲ, ಅದು. ಹಾಗೆ ಓದಿದರೆ ಆಂಟಿಯೋಕಸ್ ನಗೆಪಾಟಲಾಗುತ್ತಾನೆ. ಹದಿನೇಳನೇ ಶತಮಾನದಲ್ಲಿ ಅದು ಜೀವ ಹಿಂಡುವ ಯಾತನೆ. ಪದದ ಬೇರು ಇರುವುದು ಲ್ಯಾಟಿನ್ನಿನ ‘ದ್ವೇಷ’ದಲ್ಲಿ.

‘ಜೆನೆ’ಯ ಪಾಡು ಇನ್ನೂ ಕೆಟ್ಟದ್ದು. ತಪ್ಪೊಪ್ಪಿಸಲು ಕೊಡುತ್ತಿದ್ದ ಚಿತ್ರಹಿಂಸೆಯಿಂದ ಬಂದ ಈ ಕ್ರಿಯಾಪದ ಈಗ ಪಕ್ಕದವರಿಗೆ ಅಡ್ಡವಾಗುವ ಮಟ್ಟಕ್ಕೆ ಇಳಿದಿದೆ. ‘ಆಂದ್ರೊಮಾಕ್’ನಲ್ಲಿ (1667) ಪಿರ್ರಸ್ ಅದನ್ನು ನಾಯಕಿಗೆ ಹೇಳುವಾಗ ಆ ಹಿಂಸೆಯ ಕಾವು ಆರಿರಲಿಲ್ಲ.

ಸತ್ತುಹೋದ ಪದಗಳು ನನ್ನನ್ನು ಇಷ್ಟು ಕಾಡುವುದಿಲ್ಲ. ಅರ್ಥವಾಗದಿದ್ದರೆ ನಿಘಂಟು ತೆಗೆಯುತ್ತೇವೆ. ಮೋಸ ಮಾಡುವುದು ಪರಿಚಿತ ಮುಖದವು. ಕನ್ನಡಕ್ಕೆ ತರುವವರ ಕೈಗೆ ‘ಬೇಸರ’ ಸುಲಭವಾಗಿ ಸಿಗುತ್ತದೆ. ನಮ್ಮ ಬೇಸರದಲ್ಲಿ ಹೊತ್ತು ಹೋಗದಿರುವುದೂ ಉಂಟು, ಮನಸ್ಸು ನೊಂದದ್ದೂ ಉಂಟು. ಎರಡು ಕಾಲದ ಅರ್ಥವೂ ಒಂದೇ ಪದದಲ್ಲಿ ದಕ್ಕಿತಲ್ಲ ಎಂದು ಹಿಗ್ಗಬಹುದು. ನಾನು ಒಪ್ಪುವುದಿಲ್ಲ. ನೆಂಟರು ಮದುವೆಗೆ ಬರಲಿಲ್ಲವೆಂದರೂ ನಮಗೆ ಬೇಸರವಾಗುತ್ತದೆ. ಐದು ವರ್ಷ ಬಾಯಿ ಕಟ್ಟಿಕೊಂಡಿದ್ದ ಪ್ರೇಮಿಗೆ ಅದು ಸಾಲದು. ನಾನಾದರೆ ‘ಸಂಕಟ’ ಎಂದೇ ಬರೆಯುತ್ತೇನೆ. ಛಂದಸ್ಸಿನ ಚಿಂತೆಯೂ ಬೇಡ; ಎರಡಕ್ಕೂ ನಾಲ್ಕೇ ಮಾತ್ರೆ.