ಹಳೆಯ ರೈಫಲ್ಲಿನಲ್ಲಿ ತೂತು ಹುಡುಕುವುದು

ಹಳೆಯ ಬೇಟೆ ರೈಫಲ್ಲನ್ನು ಕೈಗೆತ್ತಿಕೊಂಡ ಹೊಸಬರು ಹೊಳಪು ನೋಡುತ್ತಾರೆ, ಪಳಗಿದವರು ತೂತು ನೋಡುತ್ತಾರೆ. ಆ ನೋಟ ಕಲಿಯಲು ಅಮೆರಿಕದ ವಿಂಚೆಸ್ಟರ್ ಮಾಡೆಲ್ 70ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೊದಲು ಬೋಲ್ಟ್ ಹಿಂದಕ್ಕೆಳೆದು ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ. ಉಳಿದದ್ದೆಲ್ಲ ಆಮೇಲೆ.

ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ 1936ರಿಂದ ತಯಾರಾದ ಈ ರೈಫಲ್ಲಿಗೆ 1964 ಗಡಿ. ಅದಕ್ಕೂ ಮುಂಚಿನವುಗಳಲ್ಲಿ ಬೋಲ್ಟಿನ ಪಕ್ಕಕ್ಕೆ ಉದ್ದನೆಯ ಉಕ್ಕಿನ ಕೊಕ್ಕೆಯೊಂದು ಅಂಟಿಕೊಂಡಿರುತ್ತದೆ. ತೋಟಾ ಮ್ಯಾಗಜೀನಿನಿಂದ ಮೇಲೆದ್ದೊಡನೆ ಅದರ ಅಂಚು ಹಿಡಿದ ಕೊಕ್ಕೆ, ಖಾಲಿ ಕೋಶವನ್ನು ಹೊರಗೆಸೆಯುವವರೆಗೂ ಬಿಡುವುದಿಲ್ಲ. ಮೌಸರ್ ರೈಫಲ್ಲಿನಿಂದ ಬಂದ ಏರ್ಪಾಡು ಇದು. ಖರ್ಚು ತಗ್ಗಿಸಲು ಹೊರಟ ಕಂಪನಿ 1964ರಲ್ಲಿ ಕೊಕ್ಕೆಯನ್ನು ಕೈಬಿಟ್ಟಿತು. ಮರದ ಹಿಡಿಯ ಮೇಲೆ ಕೊರೆಯುತ್ತಿದ್ದ ಚೌಕುಳಿ ಗೀರುಗಳ ಬದಲು ಅಚ್ಚೊತ್ತಿದ ಚಿತ್ತಾರ ಬಂತು. ಬೇಟೆಗಾರರು ಗೊಣಗಿದರು, ಗೊಣಗಿದ್ದು ಸರಿಯೇ. ಹೊಸ ವಿನ್ಯಾಸದ ಕ್ರಮಸಂಖ್ಯೆಗಳು 7,00,000ದಿಂದ ಶುರುವಾದ್ದರಿಂದ ರಿಸೀವರ್‌ನ, ಅಂದರೆ ಬೋಲ್ಟ್ ಜಾರುವ ಉಕ್ಕಿನ ಗೂಡಿನ, ಬಲಬದಿಯನ್ನು ಓದಿದರೆ ಅರ್ಧ ಕೆಲಸ ಮುಗಿಯಿತು. ಬೋಲ್ಟಿನ ಅಡಿಯಲ್ಲಿ ವಿದ್ಯುತ್ ಲೇಖನಿಯಿಂದ ಗೀಚಿದ ಸಂಖ್ಯೆಯೂ ಅದೇ ಇರಬೇಕು.

ಈಗ ತೂತಿನ ವಿಷಯ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಸಾಮಾನ್ಯ ಮಾದರಿಗಳಲ್ಲಿ ರಿಸೀವರ್‌ನ ಹಿಂಭಾಗದ ಸೇತುವೆಗೆ ಕಾರ್ಖಾನೆ ದುರ್ಬೀನಿನ ತೂತು ಕೊರೆದಿರಲಿಲ್ಲ. ಯುದ್ಧಾನಂತರ ದುರ್ಬೀನಿನ ಹುಚ್ಚು ಹಬ್ಬಿದಾಗ ಮಾಲೀಕರು ಊರಿನ ಮೆಕ್ಯಾನಿಕ್‌ನ ಕೈಲಿ ಕೊರೆಸಿಕೊಂಡರು. ಬೇಟೆಗೆ ಅನುಕೂಲವಾಯಿತು, ಸಂಗ್ರಾಹಕನ ಲೆಕ್ಕದಲ್ಲಿ ಬೆಲೆ ಕುಸಿಯಿತು. ಟೆಕ್ಸಸ್‌ನ ಸ್ಟಿತ್ ಕಂಪನಿ ರೈಫಲ್ಲಿನ ಬೇರೆಡೆ ಮೊದಲೇ ಇರುವ ತೂತುಗಳನ್ನೇ ಬಳಸಿ ಕೂರಿಸುವ ದುರ್ಬೀನಿನ ಹಿಡಿಕೆಗಳನ್ನು ಮಾರುತ್ತಿತ್ತು. ಹಾಗೆ ಸಿಂಗರಿಸಿಕೊಂಡ ರೈಫಲ್ಲು ಸಿಕ್ಕರೆ ಬಿಡಬೇಡಿ.

ಹಿಡಿಯ ತುದಿಯ ರಬ್ಬರಿಗೂ ಇದೇ ಕಣ್ಣು ಬೇಕು, ಆದರೆ ಆತುರ ಬೇಡ. .375 ಹಾಲೆಂಡ್ ಮ್ಯಾಗ್ನಮ್ ತೋಟಾದ ರೈಫಲ್ಲಿಗೆ ಕಾರ್ಖಾನೆಯೇ ರಬ್ಬರ್ ಹಾಕುತ್ತಿತ್ತು. ಸಾಮಾನ್ಯ .30-06ರಲ್ಲಿ ಕಂಡರೆ ಯಾರೋ ಮರ ಕತ್ತರಿಸಿದ್ದಾರೆಂದು ಶಂಕಿಸಿ. .250 ಸ್ಯಾವೇಜ್‌ನಂಥ ಅಪರೂಪದ ತೋಟಾದ ಹೆಸರು ಕಂಡಾಗ ಶಂಕೆ ಇಮ್ಮಡಿಯಾಗಲಿ; ನಳಿಗೆ ಬದಲಿಸಿ ಬೆಲೆ ಏರಿಸುವವರು ಇದ್ದಾರೆ. ನಳಿಗೆಯ ಅಡಿಯಲ್ಲಿ, ಮರದೊಳಗೆ ಅಡಗಿರುವ ಇಸವಿ ಸಾಕ್ಷಿ ಹೇಳುತ್ತದೆ.

ಬದಲಿಸಿದ್ದೆಲ್ಲ ಕೆಟ್ಟದ್ದಲ್ಲ. .270 ತೋಟಾವನ್ನು ಜನಪ್ರಿಯಗೊಳಿಸಿದ ಲೇಖಕ ಜಾಕ್ ಓಕಾನರ್ ತನ್ನ ಮಾಡೆಲ್ 70ಕ್ಕೆ ಸ್ಪೋಕೇನ್‌ನ ಆಲ್ ಬೀಸನ್‌ನಿಂದ ಹೊಸ ಹಿಡಿ ಮಾಡಿಸಿಕೊಂಡಿದ್ದ. ಅಂಥ ಕೈಗೆ ಬೇರೆಯೇ ಬೆಲೆ.

ದುರ್ಬೀನನ್ನು ಬಿಡಿಯಾಗಿಯೇ ಬೆಲೆ ಕಟ್ಟಿ. ಎಲ್ ಪಾಸೋದ ವೀವರ್ ಕೆ4 ಹೇರಳ, ಲೈಮನ್ ಅಲಾಸ್ಕನ್ ಹೆಚ್ಚು ಬೇಡಿಕೆಯದು. ಬೆಳಕಿನತ್ತ ಹಿಡಿದು ಗಾಜಿನ ಅಂಚಿನಿಂದ ಒಳಸರಿಯುವ ಮಬ್ಬು, ಬೂಸ್ಟಿನ ಎಳೆಗಳನ್ನು ಹುಡುಕಿ. ಅಡ್ಡಗೆರೆ ನಡುಮಧ್ಯದಿಂದ ಸರಿದಿದ್ದರೆ ಗಾಬರಿ ಬೇಡ. ಗುರಿ ತಿದ್ದುವಾಗ ಗೆರೆಯೇ ಜರುಗುವುದು ಆ ಕಾಲದ ರಚನೆ. ಬಾಷ್ ಅಂಡ್ ಲಾಂಬ್‌ನ ಬಾಲ್ವಾರ್‌ಗೆ ತಿದ್ದುವ ತಿರುಪೇ ಇಲ್ಲವೆಂದು ಮಾರುವವರನ್ನು ಬೈಯಬೇಡಿ. ಅದು ಹಿಡಿಕೆಯಲ್ಲಿರುತ್ತದೆ, ಹಾಗಾಗಿ ಹಿಡಿಕೆಯಿಲ್ಲದ ಬಾಲ್ವಾರ್ ಕೊಳ್ಳಬೇಡಿ.

ಕೊನೆಗೆ, ಕೊಂಡವರಿಗೆ: ಅಜ್ಜಿಯ ಕಂಚಿನ ದೀಪಕ್ಕೆ ಹುಣಸೆಹಣ್ಣು ತಿಕ್ಕುವ ಹುಮ್ಮಸ್ಸು ಇಲ್ಲಿ ಬೇಡ. ಮಾಸಿದ ನೀಲಿ ಲೇಪ, ಮರದ ಗೀರು ಹಾಗೆಯೇ ಇರಲಿ. ತೆಳ್ಳಗೆ ಎಣ್ಣೆ ಒರೆಸಿ, ಒಣ ಜಾಗದಲ್ಲಿಡಿ. ಭಾರತದಲ್ಲಿರುವವರಿಗಂತೂ, ಎಷ್ಟೇ ಹಳೆಯದಾದರೂ ಗುಂಡು ಹಾರಿಸಬಲ್ಲ ಇಂಥ ರೈಫಲ್ಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.